ಆರ್‌ಎಒ ಅಂದರೆ ನಾನಲ್ಲ! ಇದನ್ನು ಕನ್ನಡದಲ್ಲಿ ಹೇಗೆ ಬರೆಯೋಣ?

ಬೈತಖೋಲ ರಾವ್ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಒಂದು ತಪ್ಪು ಅಚ್ಚಾಗಿಬಿಟ್ಟಿದೆ. ಸರಿ ಮಾಡಲು ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನ ಅಡ್ಡಹೆಸರು ರಾವ್. ಮನೆ ಕಾರವಾರದ ಬೈತಖೋಲ ಹತ್ತಿರ. ಹಡಗಿನ ವಿನ್ಯಾಸದ ಲೆಕ್ಕ ಮಾಡುವ ಕೆಲಸದಲ್ಲಿ 18 ವರ್ಷ ಹೊರಗಿದ್ದೆ. ಹೋದ ವರ್ಷ ಊರಿಗೆ ಬಂದೆ. ಇಲ್ಲಿ ಬೋಟಿಗೆ ಹೋಗುವ ಹುಡುಗರಿಗೆ ಅಂತ ನಾಲ್ಕು ಪುಟದ ಕೈಪಿಡಿ ಬರೆದೆ. ಅಲೆ ಬಂದಾಗ ಬೋಟು ಯಾಕೆ ಓಲುತ್ತದೆ, ಯಾವಾಗ ಜಾಸ್ತಿ ಓಲುತ್ತದೆ, ಯಾವಾಗ ಹೆದರಬೇಕು, ಇಷ್ಟೇ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಹುಡುಗರು ದಡದಲ್ಲೇ ಇರುತ್ತಾರೆ, ಓದುತ್ತಾರೆ ಅಂತ ಆಸೆ.

ಇದರಲ್ಲಿ ಬಿಡಲಾಗದ ಒಂದು ಮಾತು ಆರ್‌ಎಒ. ಇಂಗ್ಲಿಷಿನ 'ರೆಸ್ಪಾನ್ಸ್ ಆಂಪ್ಲಿಟ್ಯೂಡ್ ಆಪರೇಟರ್' ಎನ್ನುವುದರ ಮೊದಲಕ್ಷರಗಳು. ಅಲೆ ಇಷ್ಟು ಎದ್ದರೆ ಹಡಗು ಎಷ್ಟು ಅಲುಗಾಡುತ್ತದೆ ಅನ್ನುವ ಲೆಕ್ಕ ಅದು. ಲೆಕ್ಕದ ಭಾಗವನ್ನು ಇಂಗ್ಲಿಷಿನಲ್ಲೇ ಬರೆದು ಟೈಪ್ ಮಾಡಿಸಲು ಕೊಟ್ಟಿದ್ದೆ. ಕೆಳಗೆ ನನ್ನ ಹೆಸರು ಇತ್ತು. ಇಂಗ್ಲಿಷಿನಲ್ಲಿ ಆ ಲೆಕ್ಕದ ಮೂರು ಅಕ್ಷರ (RAO), ನನ್ನ ಹೆಸರಿನ ಮೂರು ಅಕ್ಷರ (Rao), ಎರಡೂ ಒಂದೇ. ಕನ್ನಡಕ್ಕೆ ಇಳಿಸಿದವರು ಎಲ್ಲ ಕಡೆ 'ರಾವ್' ಅಂತ ಮಾಡಿದರು. ಒಂದು ಕಡೆಯಂತೂ 'ರಾವ್ ಅವರ ಪ್ರಕಾರ ಬೋಟಿನ ಏರಿಳಿತ 0.9' ಅಂತ ಆಗಿದೆ. ಕೊನೆಯ ಪ್ರತಿ ನಾನು ನೋಡಲಿಲ್ಲ, ಅದು ನನ್ನದೇ ತಪ್ಪು. 200 ಪ್ರತಿ ಅಚ್ಚಾಯಿತು.

ಮೊನ್ನೆ ಬಂದರಿನಲ್ಲಿ ಒಬ್ಬ ಹಿರಿಯರು ಬೆನ್ನು ತಟ್ಟಿದರು. "ರಾಯರೇ, ನಿಮ್ಮ ಹೆಸರಿನಲ್ಲೇ ಒಂದು ಲೆಕ್ಕ ಇದೆಯಂತೆ. ನಮ್ಮ ಊರಿಗೇ ಹೆಮ್ಮೆ" ಅಂದರು. ನನಗೆ ನಿಂತಲ್ಲೇ ಸಂಕಟವಾಯಿತು. ಅದು ನಾನು ಕಂಡುಹಿಡಿದದ್ದಲ್ಲ. ರಾವ್ ಅನ್ನುವ ಬೇರೆ ಯಾರೂ ಕಂಡುಹಿಡಿದದ್ದೂ ಅಲ್ಲ. ಈ ವಿಷಯದಲ್ಲಿ ಮೊದಲು ಗಟ್ಟಿ ಕೆಲಸ ಮಾಡಿದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್, 1861ರಲ್ಲಿ. ಅಡ್ಡಾದಿಡ್ಡಿ ಅಲೆಗಳ ಸಮುದ್ರದಲ್ಲಿ ಹಡಗು ಹೇಗೆ ಅಲುಗಾಡುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತಂದವರು ಸೇಂಟ್ ಡೆನಿಸ್ ಮತ್ತು ಪಿಯರ್ಸನ್, 1953ರಲ್ಲಿ. ಅವರ ಶ್ರಮಕ್ಕೆ ನನ್ನ ಹೆಸರು ಅಂಟಿಕೊಳ್ಳುವುದು ನನಗೆ ಬೇಡ.

ಹೊಸದಾಗಿ ಅಚ್ಚು ಹಾಕಿಸುತ್ತೇನೆ. ಈ ಸಲ 'ರಾವ್' ಅಂತ ಬರಬಾರದು. 'ಆರ್‌ಎಒ' ಅಂತ ಬಿಡಬೇಕಾ? ಕನ್ನಡದ ಹೆಸರು ಕೊಡಬೇಕಾ? ಕೊಡುವುದಾದರೆ ಯಾವುದು?

ಕದ್ರಾ ಹುಡುಗ (ಭಾನುವಾರ ಬೆಳಿಗ್ಗೆ)

ರಾವ್ ಸರ್, ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ. 'ಆರ್‌ಎಒ' ಅಂತಲೇ ಬಿಡಿ. ಹೊಸ ಶಬ್ದ ಹುಟ್ಟಿಸಿದರೆ ಹುಡುಗರು ನಾಳೆ ಮೊಬೈಲಿನಲ್ಲಿ ಹುಡುಕಿದಾಗ ಏನೂ ಸಿಗುವುದಿಲ್ಲ. ನಾನು ಪಿಯುಸಿವರೆಗೆ ಕನ್ನಡದಲ್ಲಿ ಕಲಿತ ಎಷ್ಟೋ ಶಬ್ದಗಳನ್ನು ಕಾಲೇಜಿಗೆ ಬಂದ ಮೇಲೆ ಪುನಃ ಮೊದಲಿನಿಂದ ಕಲಿಯಬೇಕಾಯಿತು. ಆ ಕಷ್ಟ ಬೇರೆಯವರಿಗೆ ಬೇಡ.

ಆಮೇಲೆ ಇದು ಟೈಪ್ ಮಾಡಿದವರ ತಪ್ಪು ಮಾತ್ರ ಅಲ್ಲ. ನಮ್ಮ ಪುಸ್ತಕದಲ್ಲಿ ಅರ್ಧಕ್ಕರ್ಧ ಹೆಸರುಗಳು ಮನುಷ್ಯರದ್ದೇ. ಫ್ರೂಡ್ ಸಂಖ್ಯೆ, ರೇನಾಲ್ಡ್ಸ್ ಸಂಖ್ಯೆ, ರಾಮನ್ ಪರಿಣಾಮ. ಅದರ ಮಧ್ಯೆ 'ರಾವ್' ಅಂತ ಬಂದರೆ ಯಾರಾದರೂ ಮನುಷ್ಯ ಅಂತಲೇ ತಿಳಿಯುತ್ತಾರೆ. ನಿಜವಾಗಲೂ ರಾವ್ ಹೆಸರಿನ ಲೆಕ್ಕ ಇದೆ ಕೂಡ, ಕ್ರಾಮರ್-ರಾವ್ ಮಿತಿ.

ಶಿರಸಿ ಮೇಷ್ಟ್ರು (ಭಾನುವಾರ ಮಧ್ಯಾಹ್ನ)

ಕದ್ರಾ ತಮ್ಮಾ, ಒಳ್ಳೆಯ ಹೆಸರು ನೆನಪಿಸಿದೆ. 35 ವರ್ಷ ಗಣಿತ ಕಲಿಸಿದವನು ನಾನು, ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1945ರಲ್ಲಿ, ಇನ್ನೂ 25 ತುಂಬುವ ಹೊತ್ತಿಗೆ ಬರೆದ ಒಂದೇ ಲೇಖನದಲ್ಲಿ ಈ ಮಿತಿಯೂ ಬಂತು, ರಾವ್-ಬ್ಲ್ಯಾಕ್‌ವೆಲ್ ಪ್ರಮೇಯದ ಮೂಲವೂ ಬಂತು. ಮಿತಿ ಅಂದರೆ ಏನು? ಅಳತೆಯಲ್ಲಿ ತಪ್ಪು ಇದ್ದೇ ಇರುತ್ತದೆ. ನೀವು ಎಷ್ಟೇ ಜಾಣತನದಿಂದ ಲೆಕ್ಕ ಹಾಕಿದರೂ ಆ ತಪ್ಪನ್ನು ಇಂತಿಷ್ಟಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ ಅಂತ ತೋರಿಸಿಕೊಟ್ಟರು. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. 102 ವರ್ಷ ಬದುಕಿದ ಜೀವ.

ಇನ್ನೊಂದು ವಿಷಯ. 'ರಾವ್' ಅವರ ಮನೆತನದ ಹೆಸರಲ್ಲ. ಮನೆತನದ ಹೆಸರು ಕಲ್ಯಂಪೂಡಿ, ತೆಲುಗರ ಪದ್ಧತಿಯಂತೆ ಮೊದಲಿಗೇ ಬರುತ್ತದೆ. ರಾಧಾಕೃಷ್ಣ ರಾವ್ ಅನ್ನುವುದು ಇಟ್ಟ ಹೆಸರು. ಆದರೆ ಪ್ರಪಂಚ ಕೊನೆಯ ಶಬ್ದ ಹಿಡಿದುಕೊಂಡಿತು.

ನಮ್ಮ ಜಿಲ್ಲೆಯಲ್ಲೂ ಹಾಗೆಯೇ ಅಲ್ವಾ? 'ರಾವ್' ಬಂದದ್ದು 'ರಾಜ'ದಿಂದ. ರಾಜ, ರಾಯ, ರಾವ್. ಗೌರವಕ್ಕೆ ಸೇರಿಸುತ್ತಿದ್ದದ್ದು. ಘಟ್ಟದ ಮೇಲೆ, ಕೆಳಗೆ ಎಲ್ಲ ಕಡೆ ಸುಬ್ರಾಯ ಅನ್ನುವ ಹೆಸರು ಎಷ್ಟು ಇದೆ ನೋಡಿ. ಅದರೊಳಗೂ ಇದೇ ರಾಯ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆ ಕಡೆಯ ದಫ್ತರದಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಬೇಕು. 1956ರಲ್ಲಿ ಮೈಸೂರಿಗೆ ಸೇರಿದ ಮೇಲೂ ನಮ್ಮಲ್ಲಿ ಅಡ್ಡಹೆಸರು ಉಳಿಯಿತು. ಹೆಗಡೆ, ಭಟ್ಟ, ನಾಯ್ಕ, ಗಾಂವಕರ ಇದ್ದವರು ಅದನ್ನು ಹಾಕಿದರು. ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರಿನ ಹಿಂದಿದ್ದ ರಾವ್ ಮೊಮ್ಮಗನಿಗೆ ಅಡ್ಡಹೆಸರು ಆಯಿತು. ಅಂದರೆ ಮರ್ಯಾದೆಗೆ ಅಂಟಿಸಿದ ಒಂದು ಅಕ್ಷರ ಅದು. ಅದಕ್ಕೆ ಒಂದು ಮನೆಯ ನೆನಪು ಇರುತ್ತದೆ. ಲೆಕ್ಕದ ಪಟ್ಟಿಯ ತಲೆಬರಹ ಮಾಡುವುದು ನನಗೂ ಸರಿ ಕಾಣುವುದಿಲ್ಲ.

ಬರವಣಿಗೆಯ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇದೆ. ಮೂರೂ ದೊಡ್ಡಕ್ಷರ ಇದ್ದರೆ ಸಂಕ್ಷೇಪ, ಮೊದಲನೆಯದು ಮಾತ್ರ ದೊಡ್ಡದಿದ್ದರೆ ಹೆಸರು. ಆದರೆ ಅರ್ಜಿಗಳಲ್ಲಿ ಎಲ್ಲರೂ ಹೆಸರನ್ನೂ ದೊಡ್ಡಕ್ಷರದಲ್ಲೇ ತುಂಬುತ್ತಾರೆ, ಆಗ ಆ ಭೇದ ಹೋಯಿತು. ಕನ್ನಡದಲ್ಲಿ ದೊಡ್ಡದು ಸಣ್ಣದು ಇಲ್ಲವೇ ಇಲ್ಲ. ನಮಗೆ ಇರುವುದು ಉಚ್ಚಾರ ಒಂದೇ. ಬಾಯಲ್ಲಿ 'ಆರ್ ಎ ಒ' ಅಂದರೆ ಹಾಗೆ ಬರೆಯಬೇಕು, 'ರಾವ್' ಅಂದರೆ ಹೀಗೆ. ಇಸ್ರೋ, ರಡಾರ್, ಸೋನಾರ್ ಇವನ್ನೆಲ್ಲ ಶಬ್ದವಾಗಿಯೇ ಓದುತ್ತೇವೆ, ಹಾಗೇ ಬರೆಯುತ್ತೇವೆ. ರಾಯರೇ, ನಿಮ್ಮ ಕೆಲಸದವರು ಬಾಯಲ್ಲಿ ಏನೆನ್ನುತ್ತಾರೆ?

ಬೈತಖೋಲ ರಾವ್ (ಭಾನುವಾರ ಮಧ್ಯಾಹ್ನ)

ಮೇಷ್ಟ್ರೇ, ನಮ್ಮಲ್ಲಿ ಅಕ್ಷರ ಬಿಡಿಬಿಡಿಯಾಗಿಯೇ ಹೇಳುವುದು. 'ಆರ್ ಎ ಒ'. ಹಾಗಾಗಿ 'ರಾವ್' ಅಂತ ಬರೆದದ್ದು ಉಚ್ಚಾರದ ಲೆಕ್ಕದಲ್ಲೂ ತಪ್ಪೇ.

ಅಜ್ಜನ ಮಾತು ನೀವು ಹೇಳಿದ ಹಾಗೆಯೇ. ನಮ್ಮಜ್ಜನನ್ನು ಊರಲ್ಲಿ ರಾಯರು ಅಂತ ಕರೆಯುತ್ತಿದ್ದರು. ಶಾಲೆಗೆ ಸೇರಿಸುವಾಗ ಅಪ್ಪನ ಹೆಸರಿನ ಮುಂದೆ ರಾವ್ ಬಂತು. ಅದಕ್ಕೇ ಬಂದರಿನಲ್ಲಿ ಅವರು 'ರಾಯರೇ' ಅಂದಾಗ ಇನ್ನೂ ಜಾಸ್ತಿ ಚುಚ್ಚಿತು.

ಕುಮಟಾ ಪೈ (ಭಾನುವಾರ ಸಂಜೆ)

ನಾನು ನರ್ಸ್. ಹೃದಯದ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ ಕೆಲಸ. ನಮ್ಮಲ್ಲೂ ದಿನಾ ಆರ್‌ಎಒ! ಆದರೆ ಅರ್ಥ ಬೇರೆ, 'ರೈಟ್ ಆಂಟೀರಿಯರ್ ಆಬ್ಲಿಕ್'. ಎದೆಯ ಬಲಗಡೆ ಮುಂದಿನಿಂದ ಓರೆಯಾಗಿ ಚಿತ್ರ ತೆಗೆಯುವುದು. 'ಆರ್‌ಎಒ 30' ಅಂದರೆ ಆ ಕಡೆಗೆ 30 ಡಿಗ್ರಿ ತಿರುಗಿಸಿ ಅಂತ. ನಾನು ಹೊಸದಾಗಿ ಸೇರಿದಾಗ ಬರೆದ ಚೀಟಿ ನೋಡಿ, ರಾವ್ ಅನ್ನುವ ರೋಗಿಯ 30ನೇ ನಂಬರ್ ಬೆಡ್ ಅಂದುಕೊಂಡು ಹುಡುಕಲು ಹೋಗಿದ್ದೆ. ಯಾರಿಗೂ ತೊಂದರೆ ಆಗಲಿಲ್ಲ, ಆದರೆ ಅವತ್ತಿನಿಂದ ಹೆಸರು ಬರೆಯುವಾಗ ಪೂರ್ತಿ ಬರೆಯುತ್ತೇನೆ. ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ.

ನನ್ನ ಅಡ್ಡಹೆಸರೂ ಹಾಗೆಯೇ. ರಕ್ತದಲ್ಲಿ ಪಿಎಐ-1 ಅಂತ ಒಂದು ಪ್ರೋಟೀನ್ ಇದೆ. ಹೆಪ್ಪುಗಟ್ಟಿದ ರಕ್ತ ಕರಗುವುದನ್ನು ಅದು ತಡೆಯುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ 'ಪೈ-1'. ಓದುವಾಗ ಅಪ್ಪನ ನೆನಪಾಗಿ ನಗು ಬರುತ್ತದೆ.

ರಾಯರೇ, ಕನ್ನಡ ಹೆಸರೇ ಕೊಡಿ. ಒಂದೇ ಮೂರು ಅಕ್ಷರಕ್ಕೆ ಹಡಗಿನವರದ್ದು ಒಂದು ಅರ್ಥ, ಆಸ್ಪತ್ರೆಯವರದ್ದು ಒಂದು ಅರ್ಥ, ನಿಮ್ಮ ಮನೆಯದ್ದು ಇನ್ನೊಂದು. ಬೋಟಿನ ಹುಡುಗ ಯಾವುದನ್ನು ಹಿಡಿಯಬೇಕು?

ಹೊನ್ನಾವರ ಟಿವಿ ರಿಪೇರಿ (ಭಾನುವಾರ ರಾತ್ರಿ)

ಇದರ ತಿರುಗುಮುರುಗಾದ ಕಥೆ ಒಂದಿದೆ. 1982ರಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂತಲ್ಲ, ಅದು ಪಾಲ್ ಪದ್ಧತಿ. 625 ಗೆರೆ, ಸೆಕೆಂಡಿಗೆ 25 ಚಿತ್ರ. ಕೆಲಸ ಕಲಿಯುವಾಗ ಪಾಲ್ ಅನ್ನುವವರು ಮಾಡಿದ್ದು ಅಂತಲೇ ನಾನು ತಿಳಿದಿದ್ದೆ. ಬಂಗಾಳದ ಕಡೆ ಪಾಲ್ ಅಡ್ಡಹೆಸರು ಬೇಕಾದಷ್ಟು. ಆಮೇಲೆ ಗೊತ್ತಾಯಿತು, ಅದು 'ಫೇಸ್ ಆಲ್ಟರ್ನೇಟಿಂಗ್ ಲೈನ್'. ಬಣ್ಣದ ಸಂಕೇತವನ್ನು ಒಂದು ಗೆರೆ ಬಿಟ್ಟು ಒಂದು ಗೆರೆ ತಿರುಗಿಸಿ ಕಳಿಸುವುದು. ದಾರಿಯಲ್ಲಿ ಆದ ತಪ್ಪು ಎರಡು ಗೆರೆ ಕೂಡಿಸಿದಾಗ ತಾನೇ ಅಳಿಸಿಹೋಗುತ್ತದೆ.

ಮಾಡಿದವರು ಜರ್ಮನಿಯ ವಾಲ್ಟರ್ ಬ್ರೂಖ್, 1963ರಲ್ಲಿ ತೋರಿಸಿದರು. ನಿಮ್ಮ ಹೆಸರನ್ನೇ ಯಾಕೆ ಇಡಲಿಲ್ಲ ಅಂತ ಕೇಳಿದರೆ, ಬ್ರೂಖ್ ಅಂದರೆ ಜರ್ಮನ್ ಭಾಷೆಯಲ್ಲಿ ಮುರಿದದ್ದು ಅಂತ ಅರ್ಥ, ಮುರಿದ ಪದ್ಧತಿ ಯಾರು ಕೊಳ್ಳುತ್ತಾರೆ ಅಂದರಂತೆ. ಅಲ್ಲಿ ಹೆಸರು ಇಡಬೇಕಾದವರೇ ಬೇಡ ಅಂದರು. ಇಲ್ಲಿ ಬೇಡ ಅನ್ನುವವರ ಹೆಸರು ಬಂದು ಕೂತಿದೆ.

ತದಡಿ ತಾಂಡೇಲ (ಸೋಮವಾರ ಬೆಳಿಗ್ಗೆ)

ರಾಯರೇ, ನಿಮ್ಮ ಕೈಪಿಡಿ ನಮ್ಮ ಬಂದರಿಗೂ ಬಂದಿದೆ. ಓದಿದೆ. ನಾನೂ ಅದು ನಿಮ್ಮದೇ ಲೆಕ್ಕ ಅಂದುಕೊಂಡಿದ್ದೆ. ಹೆಸರು ಏನೇ ಇರಲಿ, ಆ ವಿಷಯ ನನಗೆ ಅರ್ಥವಾಗಲಿಲ್ಲ. 26 ವರ್ಷ ಸಮುದ್ರಕ್ಕೆ ಹೋದವನಿಗೆ ಅರ್ಥವಾಗಲಿಲ್ಲ ಅಂದರೆ ಹುಡುಗರಿಗೆ ಹೇಗೆ? ಮೊದಲು ಅದನ್ನು ಬಾಯಿಮಾತಿನಲ್ಲಿ ಹೇಳಿ. ಹೆಸರು ಆಮೇಲೆ ನೋಡೋಣ.

ಬೈತಖೋಲ ರಾವ್ (ಸೋಮವಾರ ಮಧ್ಯಾಹ್ನ)

ತಾಂಡೇಲರೇ, ಸರಿಯಾದ ಜಾಗ ಹಿಡಿದಿರಿ. ಹೇಳುತ್ತೇನೆ.

ಅಲೆ ಬಂದಾಗ ಬೋಟು ಆರು ಥರ ಅಲುಗಾಡುತ್ತದೆ. ಮುಂದೆ ಹಿಂದೆ ಜಾರುವುದು, ಅಡ್ಡಕ್ಕೆ ಜಾರುವುದು, ಇಡೀ ಬೋಟು ಮೇಲೆ ಕೆಳಗೆ ಆಗುವುದು. ಆಮೇಲೆ ಎಡಕ್ಕೆ ಬಲಕ್ಕೆ ಓಲುವುದು, ಮೂತಿ ಏಳುವುದು ಬೀಳುವುದು, ಮೂತಿ ಆಚೆ ಈಚೆ ತಿರುಗುವುದು. ಇದರಲ್ಲಿ ಒಂದೊಂದಕ್ಕೂ ಒಂದೊಂದು ಆರ್‌ಎಒ.

ಸುಲಭದ್ದು ಮೊದಲು. ನಿಮ್ಮ 15 ಮೀಟರ್ ಬೋಟು, 10 ಸೆಕೆಂಡಿಗೊಮ್ಮೆ ಬರುವ ಉದ್ದನೆಯ ಅಲೆ. ಆಳ ಸಮುದ್ರದಲ್ಲಿ ಅಂಥ ಅಲೆಯ ಒಂದು ತುದಿಯಿಂದ ಮುಂದಿನ ತುದಿಗೆ ಸುಮಾರು 156 ಮೀಟರ್. ಬೋಟು ಅದರ ಮುಂದೆ ತೆಂಗಿನಕಾಯಿ ಇದ್ದ ಹಾಗೆ. ಅಲೆ ಒಂದು ಮೀಟರ್ ಎದ್ದರೆ ಬೋಟೂ ಒಂದು ಮೀಟರ್ ಏಳುತ್ತದೆ. ಏರಿಳಿತದ ಆರ್‌ಎಒ 1. ಅದೇ ಅಲೆಗೆ ನಮ್ಮ ಕದಂಬ ನೌಕಾನೆಲೆಯ ವಿಮಾನವಾಹಕ ಹಡಗು ವಿಕ್ರಮಾದಿತ್ಯ ಮೂತಿ ಕೊಟ್ಟು ನಿಂತರೆ ಕಥೆ ಬೇರೆ. ಅದರ ಉದ್ದ 284 ಮೀಟರ್. ಒಂದೇ ಹೊತ್ತಿಗೆ ಅದರ ಕೆಳಗೆ ಅಲೆಯ ತಲೆಯೂ ಇರುತ್ತದೆ, ತಗ್ಗೂ ಇರುತ್ತದೆ. ಒಂದು ಎತ್ತುತ್ತದೆ, ಇನ್ನೊಂದು ಇಳಿಸುತ್ತದೆ. ಹಡಗು ಹೆಚ್ಚು ಏಳುವುದಿಲ್ಲ. ಅಲ್ಲಿ ಆರ್‌ಎಒ ಬಹಳ ಕಡಿಮೆ.

ಕಷ್ಟದ್ದು ಓಲಾಟ. ಪ್ರತಿ ಬೋಟಿಗೂ ತನ್ನದೇ ಒಂದು ಓಲಾಟದ ಹೊತ್ತು ಇದೆ. ಜೋಕಾಲಿಯ ಹಾಗೆ. ಅಲೆ ಬಡಿಯುವ ಹೊತ್ತು ಅದಕ್ಕೆ ಸರಿಹೊಂದಿದರೆ ಸಣ್ಣ ಅಲೆಗೂ ಬೋಟು ಸಿಕ್ಕಾಪಟ್ಟೆ ಓಲುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಆ ಹೊತ್ತಿನಲ್ಲಿ ಆರ್‌ಎಒ ಗುಡ್ಡದ ಹಾಗೆ ಮೇಲೆದ್ದು ನಿಲ್ಲುತ್ತದೆ. ಬೋಟು ನಡೆಸುವ ತಾಂಡೇಲ ಮೂತಿ ತಿರುಗಿಸಿದರೆ ಅಥವಾ ಎಂಜಿನ್ ಕಡಿಮೆ ಮಾಡಿದರೆ ಅಲೆ ಬಡಿಯುವ ಹೊತ್ತೇ ಬದಲಾಗುತ್ತದೆ, ಓಲಾಟ ಇಳಿಯುತ್ತದೆ. ನೀವು ಇದನ್ನು ದಿನಾ ಮಾಡುತ್ತೀರಿ. ನಾವು ಅದಕ್ಕೆ ಗೆರೆ ಎಳೆದು ಅಂಕಿ ಹಾಕುತ್ತೇವೆ, ಅಷ್ಟೇ.

ತಳದ ಅಂಚಿಗೆ ಉದ್ದಕ್ಕೂ ಒಂದು ಪಟ್ಟಿ ಬಡಿದರೆ ಈ ಗುಡ್ಡ ತಗ್ಗುತ್ತದೆ. ಫ್ರೂಡ್ ಆ ಕಾಲದಲ್ಲೇ ಅದನ್ನು ಪರೀಕ್ಷೆ ಮಾಡಿ ತೋರಿಸಿದ್ದರು. ಹಳೆಯ ದೋಣಿಗೆ ಪಕ್ಕದಲ್ಲಿ ಮರದ ತೊಲೆ ಕಟ್ಟುತ್ತಿದ್ದರಲ್ಲ, ಅದೂ ಓಲಾಟ ಹಿಡಿಯುವುದಕ್ಕೇ.

ತದಡಿ ತಾಂಡೇಲ (ಸೋಮವಾರ ಸಂಜೆ)

ಈಗ ಅರ್ಥವಾಯಿತು. ಇದನ್ನೇ ಬರೆದಿದ್ದರೆ ಆಗುತ್ತಿತ್ತಲ್ಲ.

ನಮ್ಮಲ್ಲಿ ಮೀನು ಮಾರಿ ಬಂದ ದುಡ್ಡು ಹಂಚುವಾಗ 'ಪಾಲು' ಅನ್ನುತ್ತೇವೆ. ಬೋಟಿನ ಪಾಲು, ಬಲೆಯ ಪಾಲು, ಆಳಿನ ಪಾಲು. ಅಲೆ ಒಂದು ಮೀಟರ್ ಎದ್ದರೆ ಅದರಲ್ಲಿ ಬೋಟು ತನ್ನ ಪಾಲು ಎಷ್ಟು ತೆಗೆದುಕೊಳ್ಳುತ್ತದೆ? 'ಅಲೆಪಾಲು' ಅಂತ ಬರೆಯಿರಿ. ಎಲ್ಲರಿಗೂ ತಲುಪುತ್ತದೆ.

ನನ್ನದೊಂದು ಪ್ರಶ್ನೆ. ಒಂದು ಸಲ ಬಂಗಡೆ ಸಿಕ್ಕಾಪಟ್ಟೆ ಬಿತ್ತು. ಕೆಳಗಿನ ಐಸಿನ ಕೋಣೆ ತುಂಬಿ, ಡೆಕ್ಕಿನ ಮೇಲೂ ಸುರಿದೆವು. ವಾಪಸ್ ಬರುವಾಗ ಬೋಟು ನಿಧಾನ ಓಲುತ್ತಿತ್ತು. ಒಂದು ಕಡೆ ಬಾಗಿದರೆ ಅಲ್ಲೇ ನಿಂತು ಯೋಚನೆ ಮಾಡಿದ ಹಾಗೆ, ಆಮೇಲೆ ಏಳುವುದು. ಹುಡುಗರು 'ಇವತ್ತು ಬೋಟು ಆರಾಮಾಗಿದೆ' ಅಂದರು. ನನಗೆ ಮಾತ್ರ ಹೊಟ್ಟೆಯೊಳಗೆ ಭಯ. ನನ್ನಪ್ಪ ಹೇಳುತ್ತಿದ್ದ, ಜೋರಾಗಿ ಓಲುವ ಬೋಟಿಗೆ ಹೆದರಬೇಡ, ನಿಧಾನ ಓಲುವುದಕ್ಕೆ ಹೆದರು ಅಂತ. ಇದು ನಿಮ್ಮ ಲೆಕ್ಕದಲ್ಲಿ ಇದೆಯಾ?

ಬೈತಖೋಲ ರಾವ್ (ಸೋಮವಾರ ರಾತ್ರಿ)

ತಾಂಡೇಲರೇ, ನಿಮ್ಮ ತಂದೆ ಹೇಳಿದ್ದು ನೂರಕ್ಕೆ ನೂರು ಸರಿ. ಇದು ಕೈಪಿಡಿಯ ಮೊದಲ ಪುಟದಲ್ಲೇ ಇರಬೇಕಿತ್ತು. ನಾನು ಬರೆದೇ ಇರಲಿಲ್ಲ.

ಬೋಟಿನ ಎಲ್ಲ ತೂಕದ ಕೇಂದ್ರಕ್ಕೆ ಜಿ ಅನ್ನುತ್ತೇವೆ. ಅದರ ಮೇಲೆ ಎಂ ಅಂತ ಒಂದು ಬಿಂದು ಇದೆ, ಬೋಟು ಬಾಗಿದಾಗ ಅದನ್ನು ಹಿಡಿದು ಎತ್ತುವ ಜಾಗ ಅಂದುಕೊಳ್ಳಿ. ಇವೆರಡರ ನಡುವಿನ ಅಂತರ ಜಾಸ್ತಿ ಇದ್ದರೆ ಬೋಟು ಪಟ್ಟನೆ ಎದ್ದು ನಿಲ್ಲುತ್ತದೆ. ಡೆಕ್ಕಿನ ಮೇಲೆ ಮೀನು ಸುರಿದರೆ ಜಿ ಮೇಲೆ ಹೋಗುತ್ತದೆ, ಅಂತರ ಕಡಿಮೆಯಾಗುತ್ತದೆ, ಎತ್ತುವ ಬಲ ಕುಂದುತ್ತದೆ. ಅದಕ್ಕೇ ಓಲಾಟ ನಿಧಾನ. ಡೆಕ್ಕಿನ ಮೇಲೆ ನೀರು ನಿಂತರೆ ಇನ್ನೂ ಕೆಟ್ಟದ್ದು. ಬೋಟು ಬಾಗಿದ ಕಡೆಗೇ ನೀರೂ ಓಡುತ್ತದೆ.

ಅಂದಾಜಿಗೆ ಒಂದು ಲೆಕ್ಕ. 5 ಮೀಟರ್ ಅಗಲದ ಬೋಟು, ಅಂತರ 1 ಮೀಟರ್ ಇದ್ದರೆ ಒಂದು ಪೂರ್ತಿ ಓಲಾಟಕ್ಕೆ ಸುಮಾರು 4 ಸೆಕೆಂಡ್. ಅಂತರ ಅರ್ಧ ಮೀಟರ್‌ಗೆ ಇಳಿದರೆ 5.7 ಸೆಕೆಂಡ್. 35 ಸೆಂಟಿಮೀಟರ್‌ಗೆ ಇಳಿದರೆ 6.8 ಸೆಕೆಂಡ್. ಒಂದೇ ಡೆಕ್ಕಿನ ದೊಡ್ಡ ಮೀನುಗಾರಿಕೆ ಹಡಗಿಗೆ ಅಂತರರಾಷ್ಟ್ರೀಯ ನಿಯಮ ಇಟ್ಟಿರುವ ಕನಿಷ್ಠ ಮಟ್ಟವೇ ಆ 35 ಸೆಂಟಿಮೀಟರ್.

ಇದನ್ನು ಅಳೆಯಲು ಯಂತ್ರ ಬೇಡ. ಅಲೆ ಇಲ್ಲದ ಜಾಗದಲ್ಲಿ, ಹಗ್ಗ ಸಡಿಲ ಬಿಟ್ಟು, ನಾಲ್ಕು ಜನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಾಡಿ ಬೋಟು ಓಲಿಸಿ. ಬಲಕ್ಕೆ ಬಾಗಿದಲ್ಲಿಂದ ಎಡಕ್ಕೆ ಹೋಗಿ ಪುನಃ ಬಲಕ್ಕೆ ಬಂದರೆ ಒಂದು. ಹತ್ತು ಎಣಿಸಿ, ಮೊಬೈಲಿನಲ್ಲಿ ಹೊತ್ತು ನೋಡಿ. ಖಾಲಿ ಬೋಟಿನದ್ದು ಬರೆದಿಡಿ. ಮೀನು ತುಂಬಿದ ಮೇಲೆ ಅದು ತುಂಬಾ ಉದ್ದವಾದರೆ ಡೆಕ್ಕಿನ ತೂಕ ಕೆಳಗೆ ಇಳಿಸಿ.

ಶಿರಸಿ ಮೇಷ್ಟ್ರು (ಮಂಗಳವಾರ ಬೆಳಿಗ್ಗೆ)

ಓದಿ ಮೈ ಜುಮ್ ಅಂದಿತು. ತಾಂಡೇಲರ ತಂದೆಯ ಮಾತು ಹಾಗೇ ಅಚ್ಚಾಗಲಿ.

'ಅಲೆಪಾಲು' ಶಬ್ದ ಕೇಳಲು ಚೆನ್ನಾಗಿದೆ. ಆದರೆ ನನ್ನದು ಒಂದು ತಕರಾರು. ಪಾಲು ಯಾವಾಗಲೂ ಒಟ್ಟಿಗಿಂತ ಕಡಿಮೆ ಅಲ್ವಾ? ರಾಯರು ಹೇಳುವ ಗುಡ್ಡದ ಹತ್ತಿರ ಅದು ಒಂದನ್ನು ದಾಟಬಹುದು. ನೂರು ರೂಪಾಯಿಯಲ್ಲಿ ನೂರಾ ಇಪ್ಪತ್ತರ ಪಾಲು ಆಗುತ್ತದಾ? ಅದೂ ಅಲ್ಲದೆ ಓಲಾಟ ಇರುವುದು ಡಿಗ್ರಿಯಲ್ಲಿ, ಅಲೆ ಇರುವುದು ಮೀಟರ್‌ನಲ್ಲಿ. ಮೀಟರ್‌ನಲ್ಲಿ ಡಿಗ್ರಿಯ ಪಾಲು ಅನ್ನಲು ಬರುವುದಿಲ್ಲ. 'ಓಲಳತೆ' ಅಂದರೆ ಹೇಗೆ? ಓಲುವುದರ ಅಳತೆ. ಮೇಲೆ ಕೆಳಗೆ ಆಗುವುದಕ್ಕೆ 'ಏರಳತೆ'.

ಕದ್ರಾ ಹುಡುಗ (ಮಂಗಳವಾರ ಬೆಳಿಗ್ಗೆ)

ಮೇಷ್ಟ್ರೇ, ಕ್ಷಮಿಸಿ, 'ಏರಳತೆ' ಓದಿದರೆ ನನಗೆ ಏನೂ ಹೊಳೆಯುವುದಿಲ್ಲ. ಆರ್‌ಎಒ ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ.

ಇನ್ನೊಂದು ವಿಷಯ ಈ ಚರ್ಚೆ ಓದಿದ ಮೇಲೆ ಗೊತ್ತಾಯಿತು. ಹಡಗಿನ ಓಲಾಟ ಅಳೆದು, ಅದರಿಂದ ತಿರುಗಾ ಅಲೆ ಎಷ್ಟಿತ್ತು ಅಂತ ಲೆಕ್ಕ ಹಾಕುವ ವಿಧಾನ ಇದೆ. ಅದಕ್ಕೆ ಆರ್‌ಎಒ ಬೇಕೇ ಬೇಕು. ಆ ಲೆಕ್ಕ ಎಷ್ಟು ನಿಖರ ಅಂತ ನೋಡಲು ಹೊರಟರೆ ಕ್ರಾಮರ್-ರಾವ್ ಮಿತಿ ಬರುತ್ತದೆ. ಒಂದೇ ಪುಟದಲ್ಲಿ ಎರಡೂ ಬಂದರೆ? ಹಾಗಾಗಿ ನಾನು ಮೊದಲು ಹೇಳಿದ್ದು ಪೂರ್ತಿ ಸರಿಯಲ್ಲ. ಬರೀ ಮೂರು ಅಕ್ಷರ ಬಿಟ್ಟರೆ ಸಾಲದು, ಮೊದಲ ಸಲ ಬರುವಾಗ ಬಿಡಿಸಿ ಹೇಳಲೇಬೇಕು.

ಅಂಕೋಲಾ ಅಕ್ಕ (ಮಂಗಳವಾರ ಮಧ್ಯಾಹ್ನ)

ನನ್ನ ಮಗ ಬೇಲೇಕೇರಿಯಿಂದ ಬೋಟಿಗೆ ಹೋಗುತ್ತಾನೆ. ನಾನು ಓದಿದ್ದು ಏಳನೇ ಕ್ಲಾಸು. ಮೇಲಿನದ್ದೆಲ್ಲ ಎರಡು ಸಲ ಓದಿದೆ. ಹತ್ತು ಎಣಿಸುವುದು ಅರ್ಥವಾಯಿತು, ಅದು ನನಗೆ ಬೇಕಾದದ್ದೇ.

ಒಂದು ಕೇಳುತ್ತೇನೆ. ಮೊಬೈಲಿನಲ್ಲಿ 'ಅಲೆ 2 ಮೀಟರ್' ಅಂತ ಬರುತ್ತದೆ. ಹಾಗಾದರೆ ಬೋಟು 2 ಮೀಟರ್ ಮೇಲೆ ಹೋಗುತ್ತದಾ?

ಬೈತಖೋಲ ರಾವ್ (ಮಂಗಳವಾರ ಸಂಜೆ)

ಅಕ್ಕಾ, ಇದು ಬಹಳ ಮುಖ್ಯ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಮುನ್ಸೂಚನೆಯಲ್ಲಿ ಅಲೆಯ ಎತ್ತರ ಅಂದರೆ ತಗ್ಗಿನಿಂದ ತಲೆಯವರೆಗೆ. ಆರ್‌ಎಒ ಲೆಕ್ಕಕ್ಕೆ ಅದರ ಅರ್ಧ ಹಿಡಿಯುತ್ತೇವೆ. 2 ಮೀಟರ್ ಅಲೆಗೆ ಬೋಟು ನಡುಮಟ್ಟದಿಂದ 1 ಮೀಟರ್ ಮೇಲೆ, 1 ಮೀಟರ್ ಕೆಳಗೆ.

ಆದರೆ ಆ 2 ಮೀಟರ್ ಅನ್ನುವುದು ಎಲ್ಲಕ್ಕಿಂತ ದೊಡ್ಡ ಅಲೆ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ ಅದು. ನಡುವೆ ಒಂದೊಂದು ಅಲೆ ಹೆಚ್ಚುಕಡಿಮೆ ಅದರ ಎರಡು ಪಟ್ಟು ಬರಬಹುದು. 2 ಅಂತ ಬಂದರೆ ಸುಮಾರು 4ರ ಅಲೆಗೂ ತಯಾರಿರಬೇಕು. ಮಗನಿಗೆ ಇದನ್ನು ಖಂಡಿತ ಹೇಳಿ.

ತದಡಿ ತಾಂಡೇಲ (ಮಂಗಳವಾರ ರಾತ್ರಿ)

ಮೇಷ್ಟ್ರು ಪಾಲಿನ ಲೆಕ್ಕ ಸರಿಯಾಗಿ ಹಿಡಿದರು. ಬಿಡುತ್ತೇನೆ.

ಹೆಸರೇ ಯಾಕೆ ಬೇಕು ರಾಯರೇ? ಬೈಕ್ ತೆಗೆದುಕೊಳ್ಳುವಾಗ 'ಲೀಟರಿಗೆ ಎಷ್ಟು' ಅಂತ ಕೇಳುತ್ತೇವೆ. ಮುಂದಿನದ್ದು ಯಾರೂ ಹೇಳಬೇಕಾಗಿಲ್ಲ, ಕಿಲೋಮೀಟರ್ ಅಂತ ಗೊತ್ತು. ಹಾಗೇ 'ಮೀಟರ್ ಅಲೆಗೆ ಎಷ್ಟು' ಅಂತ ಬರೆಯಿರಿ. ಮೀಟರ್ ಅಲೆಗೆ ಎಷ್ಟು ಏಳುತ್ತದೆ, ಮೀಟರ್ ಅಲೆಗೆ ಎಷ್ಟು ಓಲುತ್ತದೆ. ಒಂದನ್ನು ದಾಟಿದರೂ ಅಡ್ಡಿಯಿಲ್ಲ, ಡಿಗ್ರಿ ಆದರೂ ಅಡ್ಡಿಯಿಲ್ಲ.

ಕುಮಟಾ ಪೈ (ಮಂಗಳವಾರ ರಾತ್ರಿ)

ಇದೇ ಸರಿ!

ಶಿರಸಿ ಮೇಷ್ಟ್ರು (ಬುಧವಾರ ಬೆಳಿಗ್ಗೆ)

ತಾಂಡೇಲರೇ, ನಾನು ಸೋತೆ, ಸಂತೋಷದಿಂದ. ನಿಮ್ಮ ಮಾತಿನಲ್ಲಿ ಏಕಮಾನವೂ ಸೇರಿಕೊಂಡಿದೆ. ಓಲಳತೆಯಲ್ಲಿ ಅದು ಇರಲಿಲ್ಲ.

ಬೈತಖೋಲ ರಾವ್ (ಗುರುವಾರ)

ಹೊಸ ಪುಟ ಹೀಗಿದೆ. ತಪ್ಪಿದ್ದರೆ ಹೇಳಿ, ಶನಿವಾರ ಅಚ್ಚಿಗೆ ಹೋಗುತ್ತದೆ.

'ಅಲೆ ಬಂದಾಗ ನಿಮ್ಮ ಬೋಟು ಎಷ್ಟು ಅಲುಗಾಡುತ್ತದೆ? ಮೀಟರ್ ಅಲೆಗೆ ಎಷ್ಟು ಏಳುತ್ತದೆ, ಮೀಟರ್ ಅಲೆಗೆ ಎಷ್ಟು ಡಿಗ್ರಿ ಓಲುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಇಲ್ಲಿ ಮೀಟರ್ ಅಂದರೆ ನಡುಮಟ್ಟದಿಂದ ಅಲೆಯ ತಲೆಯವರೆಗೆ, ಅಂದರೆ ಮುನ್ಸೂಚನೆಯ ಎತ್ತರದ ಅರ್ಧ. ಹಡಗಿನ ಪುಸ್ತಕಗಳಲ್ಲಿ ಇದಕ್ಕೆ ಆರ್‌ಎಒ ಅನ್ನುತ್ತಾರೆ. ಇದು ಮೂರು ಇಂಗ್ಲಿಷ್ ಶಬ್ದಗಳ ಮೊದಲಕ್ಷರ, ಯಾವ ಮನುಷ್ಯರ ಹೆಸರೂ ಅಲ್ಲ. ಜೋರಾಗಿ ಓಲುವ ಬೋಟಿಗೆ ಹೆದರಬೇಡ, ನಿಧಾನ ಓಲುವುದಕ್ಕೆ ಹೆದರು ಅಂತ ತದಡಿಯ ಹಿರಿಯ ತಾಂಡೇಲರೊಬ್ಬರು ಹೇಳುತ್ತಿದ್ದರು. ಮುಂದಿನ ಪುಟದಲ್ಲಿ ಅದು ಯಾಕೆ ಅಂತ ಇದೆ.'

ಕದ್ರಾ ತಮ್ಮಾ, ಹುಡುಕುವವರಿಗೆ ಅಂತ ಆ ಮೂರು ಅಕ್ಷರ ಒಂದೇ ಸಲ ಇಟ್ಟಿದ್ದೇನೆ. ಕೆಲವು ಹಳೆಯ ಪುಸ್ತಕಗಳಲ್ಲಿ ಇದೇ ಅನುಪಾತದ ವರ್ಗಕ್ಕೆ ಆರ್‌ಎಒ ಅಂದಿರುತ್ತಾರೆ. ನೀನು ಮುಂದೆ ಓದುವಾಗ ನೋಡಿಕೋ.

ನನ್ನ ಹೆಸರು ಕೊನೆಯ ಪುಟದಲ್ಲಿ, ಪೈ ಅವರು ಹೇಳಿದ ಹಾಗೆ ಅಪ್ಪನ ಹೆಸರಿನ ಜೊತೆ ಪೂರ್ತಿ ಹಾಕಿದ್ದೇನೆ. ಹಳೆಯ ಪ್ರತಿ ಇದ್ದವರು ದಯವಿಟ್ಟು ವಾಪಸ್ ಕೊಡಿ, ಹೊಸದು ಕೊಡುತ್ತೇನೆ. ಬಂದರಿನಲ್ಲಿ ಬೆನ್ನು ತಟ್ಟಿದ ಹಿರಿಯರ ಮನೆಗೆ ನಿನ್ನೆ ಹೋಗಿ ವಿಷಯ ಹೇಳಿ ಬಂದೆ.

ತದಡಿ ತಾಂಡೇಲ (ಗುರುವಾರ ರಾತ್ರಿ)

'ಹಿರಿಯ ತಾಂಡೇಲರೊಬ್ಬರು' ಅಂತ ಬರೆದಿದ್ದೀರಿ. ಅಪ್ಪ ತಾಂಡೇಲ ಆಗಿರಲಿಲ್ಲ, ಕೊನೆಯವರೆಗೂ ಬಲೆ ಎಳೆಯುವ ಆಳು. 'ಹಿರಿಯ ಮೀನುಗಾರರೊಬ್ಬರು' ಅಂತ ಮಾಡಿ. ಉಳಿದದ್ದು ಸರಿ ಇದೆ. 50 ಪ್ರತಿ ನಮಗೆ ಬೇಕು.

ಅಂಕೋಲಾ ಅಕ್ಕ (ಶುಕ್ರವಾರ)

ಮಗ ನಿನ್ನೆ ಸಂಜೆ ಜೆಟ್ಟಿಯಲ್ಲಿ ಎಣಿಸಿದ. ಖಾಲಿ ಬೋಟು, ಹತ್ತು ಓಲಾಟಕ್ಕೆ 43 ಸೆಕೆಂಡ್. ಚೀಟಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿದ್ದಾನೆ. ಬೆಳಗಿನ ಜಾವ ಹೋಗಿದ್ದಾರೆ. ಮೀನು ತುಂಬಿದ ಮೇಲಿನದ್ದು ಅವನು ಬಂದ ಮೇಲೆ ಇಲ್ಲಿ ಬರೆಯುತ್ತೇನೆ.